ಮೈಮೇಲೆ ಬಂದದ್ದು

ಸಾಬಮ್ಮನಿಗೆ ಮೊದಲ ಸಲ ಅದು ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಯಾರೋ ತಲೆಬಾಗಿಲನ್ನು ದಬದಬ ಬಡಿದರು. ಬಂದವಳು ಮಜ್ಜಿಗೆ ಕೇಳುವ ಓಣಿಯ ಮುದುಕಿ, ಅಷ್ಟೆ. ಆದರೆ ಸಾಬಮ್ಮನ ಎದೆ ಪಕ್ಕೆಲುಬು ಮುರಿದು ಬರುವ ಹಾಗೆ ಹೊಡೆದುಕೊಂಡಿತು. ಬೆರಳ ತುದಿಗಳು ಜುಮುಗುಟ್ಟಿ, ಸೆಟೆದು, ಒಳಕ್ಕೆ ಮಡಚಿಕೊಂಡವು. ಗಂಟಲಲ್ಲಿ ಹಿಡಿ ಹತ್ತಿ ತುರುಕಿದಂತಾಗಿ ಉಸಿರು ಸಿಗಲಿಲ್ಲ. ಉರಿಯುವ ಒಲೆಯ ಮುಂದೆ ಕೂತವಳಿಗೆ ತಣ್ಣನೆಯ ಬೆವರು. ದವಡೆ, ತಲೆ, ಹೆಗಲು ಗಡಗಡ ನಡುಗಿದವು. ಸತ್ತೆ ಅಂದುಕೊಂಡಳು. ಸಾಯಲಿಲ್ಲ. ಹಂಚಿನ ಮೇಲಿನ ರೊಟ್ಟಿ ಮಾತ್ರ ಸುಟ್ಟು ಕರಕಾಯಿತು.

ಬಾಗಿಲ ಸದ್ದಿಗೆ ಜೀವ ಹೀಗೆ ಬಾಯಿಗೆ ಬರಲು ಕಾರಣವಿತ್ತು. ಆ ವರ್ಷ ಶ್ರಾವಣದಲ್ಲಿ ನಿಜಾಮನ ಕಡೆಯ ರಜಾಕಾರರು ಊರಿಗೆ ನುಗ್ಗಿದ ದಿನ ಅವಳ ಗಂಡ ಭೀಮಶಾ ಅವಳನ್ನು ಅಂಗಳದ ಹಗೇವಿಗೆ ಇಳಿಸಿ, ಜೋಳ ತುಂಬುವ ಆ ಕತ್ತಲ ಕುಣಿಯ ಬಾಯಿಗೆ ಕಲ್ಲು ಎಳೆದಿದ್ದ. ಮೇಲೆ ಬಾಗಿಲು ಬಡಿಯುವುದು ಕೇಳಿತು, ಗಂಡನ ದನಿ ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಮುಗ್ಗಲು ಜೋಳದ ಗಾಳಿ ಕುಡಿದು ಅರೆಜೀವವಾದವಳನ್ನು ಮೇಲೆತ್ತಿದಾಗ ಭೀಮಶಾ ಹೊಸ್ತಿಲಲ್ಲಿ ಬಿದ್ದಿದ್ದ.

ಅತ್ತೆ ಗುರಮ್ಮ ಸೊಸೆಯ ನಡುಕ ನೋಡಿದಳು. ಹೆತ್ತ ಮಗನನ್ನು ಸುಮ್ಮನೆ ಕಳೆದುಕೊಂಡೆ ಎನ್ನುವುದು ಯಾವ ತಾಯಿಗೂ ನುಂಗಲಾಗದ ತುತ್ತು. ಅವಳಿಗೆ ಏನಾದರೂ ಒಂದು ಅರ್ಥ ಬೇಕಾಗಿತ್ತು, ಒಲೆಯ ಮುಂದೆಯೇ ಸಿಕ್ಕಿತು.

"ಘತ್ತರಗಿ ಭಾಗ್ಯವಂತಿ ಬಂದಾಳವ್ವಾ ನನ್ನ ಸೊಸಿ ಮೈಮ್ಯಾಲೆ!" ಎಂದು ಕೈಮುಗಿದಳು.

ಊರು ನಂಬಿತು. ನಂಬಲು ಊರಿಗೇನು ಖರ್ಚು? ಹಣೆಗೆ ಕುಂಕುಮ ಮೆತ್ತಿದರು, ಬೇವಿನ ಸೊಪ್ಪು ಕಟ್ಟಿದರು, ಕಾಯಿ ತಂದರು. ಸಾಬಮ್ಮನೂ ಅರ್ಧ ನಂಬಿದಳು. ಹುಚ್ಚಿ ಎನಿಸಿಕೊಳ್ಳುವುದಕ್ಕಿಂತ ದೇವಿ ಎನಿಸಿಕೊಳ್ಳುವುದು ಮೇಲಲ್ಲವೇ.

ಭಾದ್ರಪದದಲ್ಲಿ ಹಿಂದೂಸ್ತಾನದ ಫೌಜು ಬಂತು, ನಿಜಾಮನ ಆಳ್ವಿಕೆ ಮುಗಿಯಿತು. ಸೋಲಾಪುರದ ಕಡೆ ಓಡಿಹೋಗಿದ್ದ ಗಂಡಸರು ಹಲ್ಲು ಕಡಿಯುತ್ತ ಮರಳಿದರು. ಅವರಲ್ಲಿ ಭೀಮಶಾನ ತಮ್ಮ ಖಂಡಪ್ಪನೂ ಒಬ್ಬ, ಊರ ಗೌಡ ದೌಲತರಾಯನೂ ಒಬ್ಬ. ಭೀಮಶಾನ ಮನೆಯನ್ನು ರಜಾಕಾರರಿಗೆ ತೋರಿಸಿದವನು ಯಾರು? ಕೇಳಲು ದೇವಿಯಿದ್ದಳಲ್ಲ! ಸಾಬಮ್ಮನನ್ನು ಕೂರಿಸಿ ಲೋಬಾನದ ಧೂಪ ಹಾಕಿ ಒಂದೊಂದೇ ಹೆಸರು ಹೇಳಿದರು. ಯಾವ ಹೆಸರಿಗೆ ಮೈ ಜೋರಾಗಿ ನಡುಗುತ್ತದೋ ಅವನೇ ಮನೆ ತೋರಿಸಿದವನು.

ಬಳೆಗಾರ ಅಬ್ದುಲ್ ಗನಿಯ ಹೆಸರು ಬಂದಾಗ ಯಾರೋ ಬಡಿಗೆಯಿಂದ ಬಾಗಿಲಿಗೆ ಬಡಿದು ಒದರಿದ. ಸಾಬಮ್ಮನ ಮೈ ಕಿತ್ತುಬರುವಂತೆ ಅದುರಿತು. ದೇವಿಯ ಹೇಳಿಕೆ ಸಿಕ್ಕಿತು. ಮರುದಿನ ಗನಿಯ ಹೆಣ ಭೀಮಾ ಹೊಳೆಯ ದಂಡೆಯ ಜಾಲಿಗಂಟಿಯಲ್ಲಿ ಸಿಕ್ಕಿತು. ಸಾಬಮ್ಮನ ಮದುವೆಗೆ ಹಸಿರು ಬಳೆ ತೊಡಿಸಿದವನು ಅವನೇ.

ಗನಿಗೆ ಜೊತೆಗಾರನೊಬ್ಬ ಇದ್ದನೆಂದು ಗುಲ್ಲೆದ್ದಿತು, ಮುಂದಿನ ಹೇಳಿಕೆ ಮಂಗಳವಾರ ಎಂದು ಡಂಗುರವಾಯಿತು. ಹತ್ತಿ ಹಿಂಜುವ ಲಾಡ್ಲೆಸಾಬನ ಹೆಂಡತಿ ಕರೀಮುನ್ನಿಸಾ ಹಿತ್ತಲಿನಿಂದ ಬಂದು ಸಾಬಮ್ಮನ ಕಾಲು ಹಿಡಿದಳು.

"ಈ ಸಲ ನನ್ನ ಗಂಡನ ಹೆಸರು ತೆಗಿತಾರಂತ. ಸಾಬವ್ವಾ, ನಿನ್ನ ಮೈಯಾಗ ದೇವಿ ಇಲ್ಲ. ನನ್ನ ತಮ್ಮ ಹೊಳ್ಯಾಗ ಮುಳುಗಿದ ಮ್ಯಾಲೆ ನನಗೂ ಹಿಂಗೇ ಬರ್ತಿತ್ತು. ಬೆರಳು ಜುಮ್ಮಂತಿದ್ವು, ಎದಿ ಬಡ್ಕೊಂತಿತ್ತು, ಜೀವ ಹೋತು ಅನಸ್ತಿತ್ತು. ನಮ್ಮ ಮಂದಿ ಜಿನ್ ಹಿಡದದ ಅಂದ್ರು. ಜಿನ್ನೂ ಅಲ್ಲ, ಏನೂ ಅಲ್ಲ. ಘಾಬರಿ."

"ನಿನ್ನ ಗಂಡನ್ನ ಉಳಿಸ್ಕೊಳ್ಳಾಕ ಹೇಳಾಕತ್ತೀ."

"ಹೌದು, ನನ್ನ ಗರಜಿಗೇ ಹೇಳಾಕತ್ತೇನಿ. ಆದ್ರ ಸುಳ್ಳಲ್ಲ."

ಸಾಬಮ್ಮ ಅವಳನ್ನು ಹಿಡಿದು ಎಬ್ಬಿಸಿ, "ಬಂದ್ರ ಏನ್ ಮಾಡ್ತಿದ್ದಿ?" ಎಂದಳು.

"ಅದರ ಕೂಡ ಜಗ್ಗಾಡಬ್ಯಾಡ. ಬಂತು ಅಂತ ಗುರ್ತು ಹಿಡಿ. ಅಂಗಾಲು ನೆಲಕ್ಕ ಒತ್ತು. ಉಸಿರು ಎಳ್ಕೊಳ್ಳಾಕ ಹೋಗಬ್ಯಾಡ, ಬಿಡು. ಊದುಗೊಳವ್ಯಾಗ ಬೂದಿ ಹಾರದಂಗ ಕೆಂಡ ಊದ್ತೀ ನೋಡು, ಹಂಗ ಸಣ್ಣಗ ಬಿಡು. ಅದು ಏರ್ತದ, ಆಮ್ಯಾಲೆ ತಾನೇ ಇಳೀತದ."

ಮಂಗಳವಾರ ಮಧ್ಯಾಹ್ನ ಅಂಗಳ ತುಂಬಿತು. ಲೋಬಾನದ ಹೊಗೆಗೆ ಕಣ್ಣು ಕಾಣದಾಯಿತು. ದೌಲತರಾಯ ಎತ್ತರದ ದನಿಯಲ್ಲಿ ಕೇಳಿದ: "ತಾಯಿ, ಪಿಂಜಾರ ಲಾಡ್ಲೆಸಾಬ ಹೌದೋ, ಅಲ್ಲೋ?"

ಖಂಡಪ್ಪ ಬಡಿಗೆಯಿಂದ ಬಾಗಿಲಿಗೆ ಬಡಿದ. ಮಂದಿ ಹೋ ಎಂದು ಒದರಿದರು.

ಬೆರಳ ತುದಿಗಳು ಜುಮುಗುಟ್ಟಿದವು. ಬಂತು, ಅಂದುಕೊಂಡಳು ಸಾಬಮ್ಮ. ಎದೆ ಹೊಡೆದುಕೊಂಡಿತು, ಹೊಡೆದುಕೊಳ್ಳಲಿ ಎಂದು ಬಿಟ್ಟಳು. ಅಂಗಾಲು ನೆಲಕ್ಕೆ ಒತ್ತಿ ತುಟಿ ಕಿರಿದು ಮಾಡಿ ಉಸಿರು ಬಿಟ್ಟಳು. ತಲೆ ನಡುಗಲು ಹವಣಿಸಿತು. ಈಗ ಒಂದು ಸಲ ಕತ್ತು ಅಲುಗಿದರೆ ಒಬ್ಬ ಮನುಷ್ಯ ಸಾಯುತ್ತಾನೆ ಎಂಬ ಭಯ ಮೊದಲಿನ ಭಯವನ್ನೂ ಮೀರಿ ಎದ್ದು, ಕಣ್ಣಿಗೆ ಕತ್ತಲೆ ಕವಿಯಿತು. ಮತ್ತೆ ಬಿಟ್ಟಳು, ಮತ್ತೆ ಬಿಟ್ಟಳು. ಏರಿದ್ದು ಒಲ್ಲದ ಮನಸ್ಸಿನಿಂದ ಇಳಿಯತೊಡಗಿತು.

ಅವಳು ಕಣ್ಣು ತೆರೆದಳು.

"ಗೌಡ್ರ, ಇದು ದೇವಿ ಅಲ್ರಿ. ಅಂಜಿಕಿ. ಬಾಗಲಾ ಬಡದ್ರ ನಡುಗ್ತೇನಿ, ಒದರಿದ್ರ ನಡುಗ್ತೇನಿ. ನಿಮ್ಮ ಹೆಸರು ಹೇಳಿ ಒದರಿದ್ರೂ ನಡುಗ್ತಿದ್ದೆ."

"ಬಾಯಿ ಮುಚ್ಚಬೇ!" ಎಂದು ಗುರಮ್ಮ ಚೀರಿದಳು.

ಎಲ್ಲರಿಗೂ ಜಾಲಿಗಂಟಿಯಲ್ಲಿ ಸಿಕ್ಕ ಹೆಣ ನೆನಪಾಗಿತ್ತು. ದೌಲತರಾಯ ಗಟ್ಟಿ ಆಸಾಮಿ. ಎದ್ದು ರುಮಾಲು ಸರಿಮಾಡಿಕೊಂಡ. "ದೇವಿ ಮುನಿದು ಹೋಗ್ಯಾಳ. ಹೋದ ವಾರ ಇದ್ದಳು, ಈಗಿಲ್ಲ," ಎಂದು ಲೆಕ್ಕ ಚುಕ್ತಾ ಮಾಡಿ ನಡೆದ. ಉಳಿದವರು ಆ ಮಾತನ್ನೇ ಹೊದ್ದುಕೊಂಡು ಅವನ ಹಿಂದೆ ಹೋದರು. ಹೇಳಿಕೆಯಿಲ್ಲದೆ ಕೈಯೆತ್ತುವ ಧೈರ್ಯ ಅವರಲ್ಲಿ ಯಾರಿಗೂ ಇರಲಿಲ್ಲ. ಲಾಡ್ಲೆಸಾಬ ಬದುಕಿದ.

ಖಂಡಪ್ಪ ಮಾತ್ರ ಅತ್ತಿಗೆಯ ಎದುರು ನಿಂತಲ್ಲೇ ನಿಂತಿದ್ದ.

"ವೈನಿ, ಹಂಗಾದ್ರ ಗನಿ?"

ಸಾಬಮ್ಮ ಅವನ ಮುಖ ನೋಡಿದಳು. ಗನಿಯನ್ನು ಹೊಳೆಗೆ ಕರೆದುಕೊಂಡು ಹೋದವನು ಯಾರೆಂದು ಆಗ ಅವಳಿಗೆ ಗೊತ್ತಾಯಿತು. ಅವನ ಮೇಲೆ ಅಸಹ್ಯ ಬಂತು, ಅದಕ್ಕಿಂತ ಹೆಚ್ಚು ತನ್ನ ಮೈಮೇಲೆಯೇ ಬಂತು.

"ಹೇಳು ವೈನಿ. ಗನಿ ನಮ್ಮ ಮನಿ ತೋರಿಸಿದ್ದು ಖರೇ ಅಲ್ಲೇನು?"

"ನನಗ ಗೊತ್ತಿಲ್ಲ ಖಂಡಪ್ಪ. ಆವತ್ತೂ ಗೊತ್ತಿರಲಿಲ್ಲ."

ಅವನ ಕೈಯಿಂದ ಬಡಿಗೆ ಜಾರಿತು. ಬೆರಳುಗಳು ಸೆಟೆದು ಒಳಕ್ಕೆ ಮಡಚಿಕೊಂಡವು. ಬಾಯಿ ತೆರೆದು ಗಾಳಿಗಾಗಿ ತಡಕಾಡುತ್ತ ಮೊಣಕಾಲೂರಿದ. ಗುರಮ್ಮ, "ಬಂದಳು, ನನ್ನ ಮಗನ ಮ್ಯಾಲೆ ಬಂದಳು!" ಎನ್ನುತ್ತ ಕುಂಕುಮದ ಬಟ್ಟಲಿಗೆ ಓಡಿದಳು. ಸಾಬಮ್ಮ ಅವಳ ಕೈಯಿಂದ ಬಟ್ಟಲು ಕಿತ್ತುಕೊಂಡಳು.

"ಎದಿ ಒಡ್ಯಾಕತ್ತದ ವೈನಿ," ಎಂದ ಖಂಡಪ್ಪ, ಅವಳ ಸೀರೆಯ ಸೆರಗು ಹಿಡಿದು. "ನಾ ಸಾಯ್ತೇನಿ."

"ಇಲ್ಲ," ಎಂದಳು ಸಾಬಮ್ಮ. "ನಿನಗೇನೂ ಆಗಂಗಿಲ್ಲ. ನೀ ಇನ್ನೂ ಭಾಳ ವರ್ಷ ಬದುಕ್ತಿ."

ಅದನ್ನು ಕೇಳಿ ಖಂಡಪ್ಪ ಹೋ ಎಂದು ಅಳತೊಡಗಿದ.