ಕಿಂಡಿಯಿರುವ ಕೌದಿ

ನಾನು ಒಂದು ಕೌದಿ. ಹನ್ನೊಂದು ಹಳೆಯ ಸೀರೆ, ಎರಡು ಧೋತರ ಸೇರಿ ನನ್ನ ಮೈಯಾಯಿತು. ಹೊಲಿದವಳು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ದ್ಯಾಮವ್ವ. ಇಪ್ಪತ್ತು ವರ್ಷ ಒಲೆಯ ಮುಂದೆ ಕೂತ ಆಕೆಗೆ ಚಳಿಯೇ ಗೊತ್ತಿರಲಿಲ್ಲ. ಬೀಗರು ಬಂದಾಗಷ್ಟೇ ನಾನು ಟ್ರಂಕಿನಿಂದ ಹೊರಬರುತ್ತಿದ್ದೆ.

ಆಮೇಲೆ ಆಕೆಯ ಕಿಡ್ನಿ ಕೆಟ್ಟವು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ತಾಸು. ಮೊದಲ ದಿನ ಎರಡೇ ತಾಸಿಗೆ ಸೂಜಿ ತೆಗೆಸಿಕೊಂಡು ಬಂದಳು.

"ರಕ್ತ ಹೊರಗ ಹೋಗಿ ತಣ್ಣಗಾಗಿ ಬರತೈತಿ. ಹಲ್ಲು ಕಟಕಟ, ಎದಿ ಢವಢವ. ನಾ ಒಲ್ಲೆ."

ಬಿಟ್ಟರೆ ಜೀವ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಗಂಡ ನನ್ನನ್ನು ಬಗಲಲ್ಲಿ ಹಿಡಿದು ಆಕೆಯೊಂದಿಗೆ ಹೊರಟ.

ಯಂತ್ರ ಬಿಸಿಯಾಗಬಾರದೆಂದು ಆ ಕೋಣೆಗೆ ಎಸಿ. ಮನುಷ್ಯರು ನಡುಗಿದರೆ? ಎರಡು ಮಂಚಕ್ಕೊಂದು ತೆಳ್ಳನೆಯ ಚಾದರ! ನಾನು ದ್ಯಾಮವ್ವನನ್ನು ಕೊರಳತನಕ ಮುಚ್ಚಿದೆ. ನಿದ್ದೆ ಹೋದಳು.

ಮಾರ್ಥಾ ಸಿಸ್ಟರ್ ಓಡಿಬಂದು ನನ್ನನ್ನು ಕಿತ್ತೆಸೆದರು. "ಕೈ ಮುಚ್ಚೀರಲ್ಲ! ಸೂಜಿ ಕಳಚಿ ರಕ್ತ ಹರಿದ್ರ ನನಗ ಹ್ಯಾಂಗ ಕಾಣಬೇಕ್ರೀ?"

ತಪ್ಪು ನಮ್ಮದೇ. ಆದರೆ ಆಸ್ಪತ್ರೆಯ ದೊಡ್ಡ ಸಾಹೇಬರು 'ಮನೆಯ ಹೊದಿಕೆ ತರಬಾರದು' ಎಂದು ಬೋರ್ಡನ್ನೇ ಹಾಕಿಸಿಬಿಟ್ಟರು.

"ಹಂಗಾದ್ರ ನಾನೂ ಬರಂಗಿಲ್ಲ" ಎಂದಳು ದ್ಯಾಮವ್ವ.

ಪಕ್ಕದ ಮಂಚದ ಹುಸೇನಸಾಬ ಟೇಲರ್. "ಕೈ ಕಾಣಬೇಕು, ಅಷ್ಟ ಹೌದಲ್ಲ? ಮುಂದಿನ ಸಲ ಕತ್ತರಿ ತರ್ತೀನಿ. ನೀ ಬರೋದು ಬಿಡಬ್ಯಾಡ ತಂಗಿ."

ತಂದ. ಹೊರಗಿನ ಬೆಂಚಿನ ಮೇಲೆ ಗೇಣಿನಿಂದ ಅಳೆದು, ನನ್ನ ಎಡಮಗ್ಗುಲಲ್ಲಿ ಕಿಂಡಿ ಕತ್ತರಿಸಿ ಅಂಚು ಹೊಲಿದ. ನೋವಾಯಿತು, ಸುಳ್ಳು ಹೇಳಲಾರೆ.

"ರೂಲ್ ಅಂದ್ರ ರೂಲ್" ಎಂದರು ಸಾಹೇಬರು.

ಆ ಕೋಣೆಯ ಆರೂ ರೋಗಿಗಳು ಬಾಗಿಲಿಗೆ ಅಡ್ಡ ನಿಂತರು. ದ್ಯಾಮವ್ವನ ದನಿ ಎಲ್ಲರಿಗಿಂತ ಮೇಲಿತ್ತು: "ಸಾಹೇಬ್ರ, ಅಂಗಿ ತೋಳು ಏರಿಸಿ ನಾಕ್ ತಾಸು ಇಲ್ಲಿ ಮಲಗ್ರಿ. ಆಮ್ಯಾಲ ರೂಲ್ ಹೇಳ್ರಿ!"

"ಪಾಪ, ಅವರಿಗೊಂದು ಸ್ವೆಟರ್ ಕೊಡ್ರವ್ವಾ" ಎಂದ ಹುಸೇನಸಾಬ.

ಸಿಸ್ಟರ್ ನಗು ನುಂಗಿಕೊಂಡರು. "ಸರ್, ಪ್ರತಿ ಸಲ ಬಿಸಿನೀರಾಗ ಒಗದು ತರ್ಲಿ. ಕೈ ನನಗ ಕಾಣತೈತಿ."

ಬೋರ್ಡು ಇಳಿಯಿತು.

ನಾಲ್ಕು ವರ್ಷವಾಯಿತು. ಕುದಿನೀರಿಗೆ ನನ್ನ ಬಣ್ಣ ಹೋಗಿದೆ, ಹೊಲಿಗೆ ಸಡಿಲಾಗಿದೆ. ದ್ಯಾಮವ್ವನಿಗೆ ಹೊಸ ಕೌದಿ ಬಂದಿದೆ, ಅದಕ್ಕೂ ಕಿಂಡಿಯಿದೆ. ನಾನು ವಾರ್ಡಿನ ಕಪಾಟಿನಲ್ಲಿ ಸುಖವಾಗಿದ್ದೇನೆ, ಹೊಸಬರು ಬಂದಾಗ ಇಳಿಯುತ್ತೇನೆ. ಬಟ್ಟೆ ಎಲ್ಲ ಕೌದಿಗಳಲ್ಲೂ ಇರುತ್ತದೆ; ನನ್ನ ಹೆಚ್ಚುಗಾರಿಕೆ ಬಟ್ಟೆ ಇಲ್ಲದ ಆ ಒಂದು ಗೇಣು.

ಇವತ್ತು ಬಂದವನು ದಢೂತಿ ಬಸ್ ಕಂಡಕ್ಟರ್. ಸೂಜಿ ನೋಡಿಯೇ ನಡುಗಿದ. ದ್ಯಾಮವ್ವ ನನ್ನನ್ನು ಹೊದಿಸಿ, ಕಿಂಡಿಯಿಂದ ಅವನ ಕೈ ಹೊರಗೆಳೆದಳು.

"ಕೈಯಷ್ಟ ಅವರಿಗೆ ಕೊಡು, ತಮ್ಮಾ. ಉಳಿದದ್ದೆಲ್ಲಾ ನಿಂದ. ಬೆಚ್ಚಗ ಮಲಗು."

ಎರಡು ತಾಸಾಯಿತು. ಅವನು ಸೂಜಿ ತೆಗೆಸಲಿಲ್ಲ, ಗೊರಕೆ ಹೊಡೆಯುತ್ತಿದ್ದ.