ಎರಡು ದಾಟಬೇಕಾದ ಮೊತ್ತ

ಮನೆಯಲ್ಲಿ ಅತ್ತಿಗೆ-ನಾದಿನಿ, ಪ್ರಯೋಗಶಾಲೆಯಲ್ಲಿ ಹಿರಿಯಳು-ಕಿರಿಯಳು. ಎರಡೂ ಕಡೆ ಹೊಗಳಿಕೆಯೆಲ್ಲ ಕಿರಿಯಳ ಮಡಿಲಿಗೇ ಬೀಳುತ್ತದಲ್ಲ ಎಂಬುದು ಅತ್ತಿಗೆಯ ಸಂಕಟ.

ಪ್ರಯೋಗದ ಮೇಜಿನ ಮೇಲಿನ ಹರಳನ್ನು ಕೂದಲೆಳೆಯಷ್ಟು ಸರಿಸಿ, ಉಸಿರು ಬಿಗಿಹಿಡಿದು, ಮತ್ತೆ ಸರಿಸಿ ಹದಕ್ಕೆ ತಂದವಳು ಅತ್ತಿಗೆಯೇ. ನೇರಳೆ ಲೇಸರ್ ಆ ಹರಳನ್ನು ಹೊಕ್ಕರೆ ಅಪರೂಪಕ್ಕೊಂದು ಬೆಳಕಿನ ಕಣ ಎರಡಾಗಿ ಹೊರಬರುತ್ತದೆ. ದಾರಿ ಬೇರೆಯಾದರೂ ಆ ಎರಡರ ಕಂಪನದ ದಿಕ್ಕು ಒಂದಕ್ಕೊಂದು ಹೆಣೆದುಕೊಂಡೇ ಇರುತ್ತದೆ. ಒಂದೊಂದು ದಾರಿಯಲ್ಲೂ ಒಂದೇ ದಿಕ್ಕಿನ ಕಂಪನವನ್ನು ಒಳಬಿಡುವ ಒಂದು ಪೋಲರೈಸರ್, ಡಿಗ್ರಿ ಕೆತ್ತಿದ ಬಳೆಯೊಳಗೆ. ಬಳೆಗಳನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ಅಳೆದು, ಕೂಡಿ ಕಳೆದಾಗ ಮೊತ್ತ ಎರಡನ್ನು ದಾಟಿದರೆ ಹೆಣಿಗೆ ನಿಜ. ದಾಟಿಸಿದವರ ಹೆಸರೇ ಪ್ರಬಂಧದಲ್ಲಿ ಮೊದಲು ಎಂದಿದ್ದರು ಇಬ್ಬರಿಗೂ ಮಾರ್ಗದರ್ಶಕರಾದ ಸರ್.

ಹರಳು ಹದಕ್ಕೆ ಬಂದ ವಾರವೇ ಅತ್ತೆಗೆ ಮಂಡಿಯ ಆಪರೇಷನ್. ಆಸ್ಪತ್ರೆಯಲ್ಲಿ ಕೂತವಳು ಸೊಸೆ, ಮೇಜು ಸಿಕ್ಕಿದ್ದು ಮಗಳಿಗೆ.

"ಅಮ್ಮಂಗೆ ನಿಮ್ಮ ಕೈ ಊಟಾನೇ ಆಗ್ಬೇಕು ಅತ್ತಿಗೆ. ನಾನು ಮಾಡಿ ಹಾಕಿದ್ರೆ ಹೊಟ್ಟೆಗೂ ಆಪರೇಷನ್ ಮಾಡಿಸ್ಬೇಕಾಗತ್ತೆ" ಎಂದು ನಕ್ಕಿದ್ದಳು ನಾದಿನಿ. ಅತ್ತಿಗೆಗೆ ನಗು ಬಂದಿರಲಿಲ್ಲ.

ರಜೆ ಮುಗಿಸಿ ಬಂದ ಬೆಳಗ್ಗೆ ನೋಡಿದರೆ ನಾದಿನಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಸೊನ್ನೆ ಬರ್ತಿದೆ ಅತ್ತಿಗೆ! ಬಿಡಿಬಿಡಿಯಾಗಿ ಎಲ್ಲಾ ಅಳತೆನೂ ಚೆನ್ನಾಗಿದೆ, ಕೂಡಿದ್ರೆ ಸೊನ್ನೆ. ಒಂದೂವರೆ ಬಂದಿದ್ರೂ ಸಮಾಧಾನ ಇರೋದು."

ಅತ್ತಿಗೆ ಮೇಜಿನ ಕಡೆ ಒಮ್ಮೆ ಕಣ್ಣು ಹಾಯಿಸಿದಳು, ಸಾಕಾಯಿತು. ಎಡಗಡೆಯ ಬಳೆ ಹಿಂದುಮುಂದಾಗಿ ಕೂತಿತ್ತು. ಅದರ ಡಿಗ್ರಿಗಳನ್ನು ನಾದಿನಿ ಬಗ್ಗಿ ಬಗ್ಗಿ ಆಚೆ ಬದಿಯಿಂದ ಓದುತ್ತಿದ್ದಳು. ಬಲಕ್ಕೆ ತಿರುಗಿಸಿದೆನೆಂದುಕೊಂಡದ್ದೆಲ್ಲ ಎಡಕ್ಕೆ ತಿರುಗಿ, ಅರ್ಧ ಮೊತ್ತ ಇನ್ನರ್ಧವನ್ನು ನುಂಗಿಹಾಕುತ್ತಿತ್ತು.

"ನೋಡೋಣ, ಇನ್ನೊಂದ್ಸಲ ಅಳೆ" ಎಂದಷ್ಟೇ ಹೇಳಿ ತನ್ನ ಕುರ್ಚಿಗೆ ಹೋದಳು.

ದೇವರೇ, ಅವಳ ಸೊನ್ನೆ ಸೊನ್ನೆಯಾಗಿಯೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಬೇಡಿಕೆಯನ್ನೇನೂ ಹಿಂತೆಗೆದುಕೊಳ್ಳಲಿಲ್ಲ. ನಾದಿನಿ ಮತ್ತೆ ಅಳೆದಳು, ಮತ್ತೆ ಸೊನ್ನೆ. ಅತ್ತಿಗೆಗೆ ಆವತ್ತಿನ ಕಾಫಿ ಬಹಳ ರುಚಿಸಿತು.

ಮಧ್ಯಾಹ್ನ ನಾದಿನಿ ಎದ್ದು ನಿಂತಳು. "ಹರಳೇ ಅಲುಗಾಡಿರ್ಬೇಕು. ಬಿಚ್ಚಿ ಮೊದಲಿಂದ ಕೂರಿಸ್ತೀನಿ." ಸ್ಕ್ರೂ ಬಿಚ್ಚುವ ಕೀಲಿ ಹರಳಿನ ಹಿಡಿಕೆಗೆ ತಾಗಿತ್ತು.

"ಮುಟ್ಟಬೇಡ ಅದನ್ನ!" ಅತ್ತಿಗೆ ಚೀರಿದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. "ತಪ್ಪು ಅಲ್ಲಿಲ್ಲ. ಎಡಗಡೆ ಬಳೆ ತಿರುವುಮುರುವಾಗಿದೆ."

ನಾದಿನಿ ಬಳೆ ನೋಡಿದಳು, ಅತ್ತಿಗೆಯನ್ನು ನೋಡಿದಳು.

"ಈಗ ಕಾಣಿಸ್ತಾ ನಿಮಗೆ?"

"ಬೆಳಗ್ಗೇನೇ."

ನಾದಿನಿ ಬಳೆ ತಿರುಗಿಸಿ ಕೂರಿಸಿ, ಮತ್ತೆ ಅಳೆಯಲು ಕೂತಳು. ಸಂಜೆಯ ಹೊತ್ತಿಗೆ ಮೊತ್ತ ಎರಡೂವರೆಯನ್ನು ಮುಟ್ಟಿತು. ಸರ್ ಓಡಿಬಂದು "ಭೇಷ್, ದಾಟಿಸಿಬಿಟ್ಯಲ್ಲಮ್ಮ!" ಎಂದರು.

"ಹರಳು ಅತ್ತಿಗೇದು, ತಪ್ಪು ಕಂಡುಹಿಡಿದವರೂ ಅತ್ತಿಗೇನೇ ಸರ್. ಅವರ ಹೆಸರೇ ಮೊದಲು ಇರಲಿ" ಎಂದಳು ನಾದಿನಿ, ಅತ್ತಿಗೆಯ ಕಡೆ ನೋಡದೆ.

ಸರ್ ಒಪ್ಪಿ ತಲೆಯಾಡಿಸಿದರು. "ನಿನ್ನ ನಾದಿನಿ ಚಿನ್ನದಂಥ ಹುಡುಗಿ ಕಣಮ್ಮ" ಎಂದರು ಅತ್ತಿಗೆಗೆ.

ಹೆಸರು ಸಿಕ್ಕಿತು. ಹೊಗಳಿಕೆ ಮತ್ತೆ ನಾದಿನಿಗೇ ಹೋಯಿತು. ಅತ್ತಿಗೆ ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, "ಹೌದು ಸರ್" ಎಂದಳು.