ಮುಟ್ಟುವ ದೆವ್ವ

ಪಾರ್ಕಿಗೆ ಬಂದವರು ಏನೇ ಹೇಳಿದರೂ ಅದು ಕೊನೆಗೆ ಬಂದು ಬೀಳುತ್ತಿದ್ದುದು ಅಕ್ಕನ ಮೇಜಿನ ಮೇಲೆ. ಪ್ರತಿಯೊಂದು ಆಟದ ಬಾಗಿಲಲ್ಲೂ ಒಂದು ಟಚ್ ಸ್ಕ್ರೀನ್ ನಿಲ್ಲಿಸಿದ್ದರು. ಹೊರಗೆ ಬಂದವರು ಅದರ ಮೇಲೆ ನಗುವ ಮುಖವನ್ನೋ ಅಳುವ ಮುಖವನ್ನೋ ಒತ್ತಿ, ಮನಸ್ಸಿದ್ದರೆ ಎರಡು ಮಾತು ಬರೆದು ಹೋಗುತ್ತಿದ್ದರು. ಬಿಸಿಲು ಜಾಸ್ತಿಯಾಯಿತು ಎಂದು ಒಬ್ಬರು ದೂರಿದರೆ, ಕೊಳದ ಬಾತುಕೋಳಿಗಳು ಬೇಜಾರಿನಲ್ಲಿರುವಂತೆ ಕಂಡವು ಎಂದು ಇನ್ನೊಬ್ಬರು. ಕನ್ನಡಿ ಮನೆಯಲ್ಲಿ ಕನ್ನಡಿಗಳು ಅತಿಯಾದವು ಎಂದು ಬರೆದವರೂ ಇದ್ದರು. ಅಕ್ಕ ಎಲ್ಲರಿಗೂ ಒಂದೇ ವಿನಯದಿಂದ ಉತ್ತರ ಕೊಡುತ್ತಿದ್ದಳು.

ಅವಳ ಕೋಣೆ ಟಿಕೆಟ್ ಕಟ್ಟಡದ ಹಿಂಭಾಗದಲ್ಲಿತ್ತು. ಕಿಟಕಿ ಇರಲಿಲ್ಲ. ಛಾವಣಿಯ ಮೇಲೆಯೇ ರೋಲರ್ ಕೋಸ್ಟರಿನ ಹಳಿ ಹಾದುಹೋಗಿದ್ದರಿಂದ, ಗಾಡಿ ಇಳಿಜಾರಿಗೆ ಬಿದ್ದಾಗಲೆಲ್ಲ ಮೇಲೆ ಜನರ ಕಿರುಚಾಟ, ಕೆಳಗೆ ಲೋಟದ ನೀರಿನಲ್ಲಿ ನಡುಕ. ಹೊಸಬರು ಬೆಚ್ಚಿ ಬೀಳುತ್ತಿದ್ದರು. ಅಕ್ಕನಿಗೆ ಅದು ಗಡಿಯಾರದ ಟಿಕ್‌ಟಿಕ್‌ನಷ್ಟೇ ಮಾಮೂಲಾಗಿತ್ತು.

ಅವಳ ಮೇಲಿನ ಮ್ಯಾನೇಜರನ್ನು ಎಲ್ಲರೂ ಬೆನ್ನ ಹಿಂದೆ ಮೇಷ್ಟ್ರು ಎನ್ನುತ್ತಿದ್ದರು, ಯಾರ ವಾಕ್ಯವನ್ನೂ ತಿದ್ದದೆ ಬಿಡದ ಮನುಷ್ಯ ಅಂತ. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಕ್ಷಮಿಸಿ ಅಂತ ಬರೀಬೇಡಮ್ಮ, ತಪ್ಪು ಒಪ್ಪಿಕೊಂಡ ಹಾಗಾಗುತ್ತೆ. ವಿಷಾದಿಸುತ್ತೇವೆ ಅಂತ ಬರಿ. ಮಳೆ ಬಂದ್ರೂ ವಿಷಾದಿಸಬಹುದು" ಎನ್ನುತ್ತಿದ್ದರು. ಗೇಟಿನ ಪಕ್ಕದ ದೊಡ್ಡ ಫಲಕದ ಮೇಲೆ "ನೀವು ಹೇಳಿದಿರಿ, ನಾವು ಕೇಳಿದೆವು" ಎಂದು ಬರೆಸಿದವರೂ ಅವರೇ. ಜನರ ಸಲಹೆಯಂತೆ ಮಾಡಿದ ಬದಲಾವಣೆಗಳನ್ನೆಲ್ಲ ಅದರ ಕೆಳಗೆ ಹಾಕುತ್ತಿದ್ದರು.

ತಂಗಿ ಕೆಲಸ ಮಾಡುತ್ತಿದ್ದುದು ಅದೇ ಪಾರ್ಕಿನ ದೆವ್ವದ ಮನೆಯಲ್ಲಿ. ಮೊದಲು ಅಲ್ಲಿ ಬರೀ ಗೊಂಬೆಗಳಿದ್ದವು. ಗುಂಡಿ ಒತ್ತಿದರೆ ಹಲ್ಲು ಕಿರಿಯುವಂಥವು. ಹೆದರಿಕೆಯೇ ಆಗುವುದಿಲ್ಲ ಎಂದು ಜನ ಗೊಣಗಿದ ಮೇಲೆ ಜೀವ ಇರುವ ದೆವ್ವಗಳನ್ನು ನೇಮಿಸಿಕೊಂಡರು. ತಂಗಿ ಮೊದಲು ಒಂದು ನಾಟಕದ ತಂಡದಲ್ಲಿದ್ದಳು. ತಂಡ ಮುರಿದ ಮೇಲೆ ಬಟ್ಟೆ ಅಂಗಡಿಯಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡಿದ್ದಳು. ಅಕ್ಕ ಹೇಳಿದ ತಕ್ಷಣ ಕುಣಿಯುತ್ತ ಬಂದು ಸೇರಿದಳು.

ಅವಳದು ತೊಟ್ಟಿಲ ಕೋಣೆ. ಬೇರೆಯವರಂತೆ ಅವಳು ಕಿರುಚುತ್ತಿರಲಿಲ್ಲ. ಬಿಳಿ ಸೀರೆಯುಟ್ಟು, ನೆಲದ ಮೇಲೆ ಕೂತು, ಬಂದವರಿಗೆ ಬೆನ್ನು ಹಾಕಿ ಏನನ್ನೋ ತಡಕಾಡುತ್ತಿದ್ದಳು. ಆಮೇಲೆ ಪಕ್ಕದ ಮನೆಯವರನ್ನು ಮಾತಾಡಿಸುವಷ್ಟು ಸಹಜವಾಗಿ, "ಸ್ವಲ್ಪ ಬೆಳಕು ಹಿಡೀತೀರಾ? ನನ್ನ ಮಗು ಇಲ್ಲೇ ಎಲ್ಲೋ ಇದೆ" ಎನ್ನುತ್ತಿದ್ದಳು. ಅಷ್ಟೇ. ಗಟ್ಟಿ ಗಂಡಸರೂ ಅಲ್ಲಿಂದ ಬೆವರೊರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು.

ಸಂಜೆ ಬಸ್ಸಿನಲ್ಲಿ ಅಕ್ಕ ಅವಳ ಬಗ್ಗೆ ಬಂದ ಮಾತುಗಳನ್ನು ಹೇಳುತ್ತಿದ್ದಳು. "ತೊಟ್ಟಿಲ ಕೋಣೆಯ ಹೆಂಗಸನ್ನ ಮರೆಯೋಕೇ ಆಗ್ತಿಲ್ಲ ಅಂತ ಬರೆದಿದ್ದಾರೆ ಕಣೇ."

"ಹೆಂಗಸಂತಾ? ಹುಡುಗಿ ಅನ್ನೋಕೇನಾಗಿತ್ತು ಅವರಿಗೆ!" ತಂಗಿ ಮುಖ ಊದಿಸಿಕೊಂಡು, ಆಮೇಲೆ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತ ನಗುತ್ತಿದ್ದಳು.

ವರ್ಷಕ್ಕೊಮ್ಮೆ ಪಾರ್ಕಿನ ಸದಸ್ಯರ ಸಭೆ ನಡೆಯುತ್ತಿತ್ತು. ವರ್ಷದ ಪಾಸ್ ಇರುವವರೆಲ್ಲ ಸದಸ್ಯರೇ. ಅವರು ಸಲಹೆ ಕೊಡುವುದು, ಆಮೇಲೆ ಫೋನಿನಲ್ಲಿ ಮತ ಹಾಕುವುದು. ಆ ಸಲದ ಸಭೆಯಲ್ಲಿ ಒಬ್ಬ ಹಳೆಯ ಸದಸ್ಯರು ಎದ್ದು, "ತೊಟ್ಟಿಲ ಕೋಣೆ ಚೆನ್ನಾಗಿದೆ. ಆದ್ರೆ ಅವಳು ದೂರದಲ್ಲೇ ಕೂತಿರ್ತಾಳೆ. ಮುಟ್ಟಬೇಕು. ಕತ್ತಲಲ್ಲಿ ಕಾಲು ಹಿಡ್ಕೋಬೇಕು. ಆಗ ನೋಡಿ ಮಜಾ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಮತದಾನದಲ್ಲೂ ಆ ಸಲಹೆಯೇ ಎಲ್ಲಕ್ಕಿಂತ ಮೇಲೆ ಬಂತು.

ಮೇಷ್ಟ್ರು ತಂಗಿಯನ್ನು ಕರೆಸಿ ವಿಷಯ ಹೇಳಿದರು. ಅವಳು ತೊಟ್ಟಿಲ ಕೆಳಗೆ ಅಂಗಾತ ಮಲಗಬೇಕು, ಜನ ಹತ್ತಿರ ಬಂದಾಗ ಕೈ ಚಾಚಿ ಪಾದದ ಗಂಟು ಹಿಡಿಯಬೇಕು.

"ಸರ್, ಹೆದರಿದವರು ಒದ್ದರೆ?"

"ಬಾಗಿಲಲ್ಲಿ ಎಚ್ಚರಿಕೆ ಫಲಕ ಹಾಕ್ತೀವಮ್ಮ. ಇಲ್ಲಿ ನಿಮ್ಮನ್ನು ಮುಟ್ಟುತ್ತಾರೆ ಅಂತ. ಗೊತ್ತಿದ್ದ ಮೇಲೆ ಯಾರು ಒದೀತಾರೆ?"

ಫಲಕ ಹಾಕಿದರು. ತಿಂಗಳೊಳಗೆ ದೂರುಗಳು ಶುರುವಾದವು. ಫಲಕ ನೋಡಿದ ಮೇಲೆ ಗುಟ್ಟೇ ಉಳಿಯುವುದಿಲ್ಲ, ಮಜಾ ಹಾಳು ಎಂದು. ಮೇಷ್ಟ್ರು ಅವನ್ನೆಲ್ಲ ಓದಿ ಫಲಕ ತೆಗೆಸಿದರು. ದೂರಿದವರಿಗೆಲ್ಲ ಅಕ್ಕನೇ ಉತ್ತರ ಬರೆದಳು. ನಿಮ್ಮ ಸಲಹೆಯಂತೆ ಫಲಕ ತೆಗೆದಿದ್ದೇವೆ, ಮತ್ತೊಮ್ಮೆ ಬನ್ನಿ.

ಆ ಶನಿವಾರ ಮಧ್ಯಾಹ್ನ ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಊಟದ ಡಬ್ಬಿ ತೊಳೆದಿಟ್ಟು ಬಂದು ಕೂತಿದ್ದಳಷ್ಟೆ. ದೆವ್ವದ ಮನೆಯ ಬಾಗಿಲಿನಿಂದ ಒಂದು ನಗುವ ಮುಖ ಬಂತು. ಅದರ ಕೆಳಗೆ ಯಾರೋ ಬರೆದಿದ್ದರು: "ತೊಟ್ಟಿಲ ಕೋಣೆ ಸೂಪರ್. ರಕ್ತ ನಿಜದ್ದರ ಹಾಗೇ ಇತ್ತು. ನರಳಾಟವಂತೂ ಮೈ ಜುಮ್ಮೆನಿಸಿತು."

ಅಕ್ಕ ಎಂದಿನಂತೆ ಧನ್ಯವಾದ ಟೈಪ್ ಮಾಡತೊಡಗಿದವಳು ತಟ್ಟನೆ ಕೈ ನಿಲ್ಲಿಸಿದಳು. ತೊಟ್ಟಿಲ ಕೋಣೆಯಲ್ಲಿ ರಕ್ತ ಎಲ್ಲಿಂದ ಬಂತು? ತಂಗಿ ನರಳುವುದೂ ಇಲ್ಲವಲ್ಲ. ಅಷ್ಟರಲ್ಲಿ ಇನ್ನೊಂದು ನಗುವ ಮುಖ ಬಂತು.

ಅವಳು ಚಪ್ಪಲಿ ಮೆಟ್ಟುವ ವ್ಯವಧಾನವೂ ಇಲ್ಲದೆ ಓಡಿದಳು. ಸಾಲಿನಲ್ಲಿ ನಿಂತವರು "ಏಯ್, ನಾವೇನು ಮನುಷ್ಯರಲ್ವಾ?" ಎಂದು ಕೂಗಿದರು. ಬಾಗಿಲು ಕಾಯುವವನ ತೋಳು ಹಿಡಿದು ಜಗ್ಗಿ, "ಲೈಟ್ ಹಾಕು! ಎಲ್ಲಾ ಲೈಟ್ ಹಾಕು!" ಎಂದಳು.

ಬೆಳಕಿನಲ್ಲಿ ಆ ಕೋಣೆಯನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಗೋಡೆಗೆ ಬಳಿದ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿತ್ತು. ತೊಟ್ಟಿಲಿಗೆ ಮಾಡಿದ ಹಲಗೆ ಯಾವುದೋ ಹಳೆ ಮೇಜಿನದು. ಅದರ ಕೆಳಗೆ ತಂಗಿ ಮಗ್ಗುಲಾಗಿ ಮುದುಡಿಕೊಂಡಿದ್ದಳು. ಎರಡೂ ಕೈಯಲ್ಲಿ ಗಲ್ಲ ಹಿಡಿದುಕೊಂಡಿದ್ದಳು. ಬಾಯಿ ಮುಚ್ಚಲು ಬರುತ್ತಿರಲಿಲ್ಲ, ಕೂಗಲೂ ಬರುತ್ತಿರಲಿಲ್ಲ. ಅಷ್ಟು ಹೊತ್ತು ಜನ ಗುಂಪು ಗುಂಪಾಗಿ ಅವಳ ಪಕ್ಕದಲ್ಲೇ ಹಾದುಹೋಗಿದ್ದರು, ಕಿರುಚಿಕೊಂಡು, ನಗಾಡಿಕೊಂಡು.

ದವಡೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಮುಚ್ಚಿಬಿಟ್ಟರು. ಅಮ್ಮ ಪಕ್ಕದಲ್ಲಿ ಕೂತು ಮಗಳ ಪಾದ ಸವರುತ್ತ, "ಯಾರೇ ಹೀಗೆ ಮಾಡಿದ್ದು? ಅವನ ಕಾಲು ಸೇದಿಹೋಗ" ಎಂದು ಶಪಿಸುತ್ತಿದ್ದಳು.

ಯಾರು ಎಂಬುದು ಮರುದಿನ ಗೊತ್ತಾಯಿತು. ಒಬ್ಬ ಮನುಷ್ಯ ಪಾರ್ಕಿಗೆ ಬರೆದಿದ್ದ. ನಿನ್ನೆ ಮಗಳನ್ನು ಎತ್ತಿಕೊಂಡು ದೆವ್ವದ ಮನೆಗೆ ಹೋಗಿದ್ದೆ, ಕತ್ತಲಲ್ಲಿ ಯಾರೋ ಕಾಲು ಹಿಡಿದರು, ಗೊತ್ತಾಗುವ ಮೊದಲೇ ಒದ್ದುಬಿಟ್ಟೆ, ಬೂಟಿಗೆ ಏನೋ ಜೋರಾಗಿ ತಗುಲಿತು, ಮಗು ಕಿರುಚಾಡಿದ್ದರಿಂದ ನಿಲ್ಲದೆ ಓಡಿ ಬಂದೆ. ಕೊನೆಯಲ್ಲಿ ಕೇಳಿದ್ದ: "ಅವರಿಗೆ ಪೆಟ್ಟಾಯಿತೇ? ಹೇಗಿದ್ದಾರೆ? ದಯವಿಟ್ಟು ತಿಳಿಸಿ."

ಮೇಷ್ಟ್ರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು. "ಪೆಟ್ಟಾಯಿತು ಅಂತ ನಾವು ಬರೆದು ಕೊಟ್ಟರೆ ಅದು ನಾಳೆ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ಫಲಕ ಯಾಕೆ ತೆಗೆದ್ರಿ ಅಂತ ಕೇಳ್ತಾರೆ. ನೀನು ಯಾವಾಗಿನ ಹಾಗೇ ಬರಿ. ಅವರಿಗಾದ ಅನಾನುಕೂಲಕ್ಕೆ ವಿಷಾದಿಸಿ, ಮನೆಮಂದಿಗೆಲ್ಲ ಉಚಿತ ಪಾಸ್ ಕಳಿಸು."

"ಸರ್, ಅದು ನನ್ನ ತಂಗಿ."

"ಗೊತ್ತಮ್ಮ. ಅದಕ್ಕೇ ಹೇಳ್ತಿದ್ದೀನಿ. ಅವಳಿಗೆ ಇಲ್ಲಿ ಮತ್ತೆ ಜಾಗ ಬೇಕಲ್ವಾ?"

ತಲೆಯ ಮೇಲೆ ಗಾಡಿ ಇಳಿಯಿತು, ಜನ ಕಿರುಚಿದರು. ಅಕ್ಕ ಬರೆದಳು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಬರೆದು ಕಳಿಸಿದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಸದ್ದು ಕೇಳಿಸದಂತೆ ಅತ್ತಳು.

ವಾರ ಕಳೆಯುವುದರೊಳಗೆ ಆ ಮನುಷ್ಯ ತಾನೇ ಬಂದ. ವಿಚಾರಣೆಯ ಕೌಂಟರಿನಲ್ಲಿ ನಿಂತು, ಪಾಸುಗಳಿದ್ದ ಲಕೋಟೆಯನ್ನು ಮೇಜಿನ ಮೇಲಿಟ್ಟ. ಬಸ್ ಚಾಲಕನ ಸಮವಸ್ತ್ರದಲ್ಲಿದ್ದ, ಕೆಲಸದ ನಡುವೆ ಬಂದಂತಿತ್ತು. ಅಕ್ಕನನ್ನೂ ಮೇಷ್ಟ್ರನ್ನೂ ಕರೆಸಿದರು.

"ನಾನು ಪಾಸ್ ಕೇಳಿರಲಿಲ್ಲ," ಎಂದ ಅವನು. "ಅವರು ಹೇಗಿದ್ದಾರೆ ಅಂತ ಕೇಳಿದ್ದೆ. ಅದಕ್ಕೆ ಮಾತ್ರ ಉತ್ತರ ಇಲ್ಲ."

ಮೇಷ್ಟ್ರು ನಕ್ಕರು. "ತಲೆ ಕೆಡಿಸಿಕೊಳ್ಳಬೇಡಿ ಸರ್. ನಮ್ಮ ಕಲಾವಿದರಿಗೆ ಇದೆಲ್ಲ ಅಭ್ಯಾಸ. ಅವರು ಆರಾಮಾಗಿದ್ದಾರೆ."

ಚಾಲಕನ ಮುಖ ಒಮ್ಮೆಲೇ ಸಡಿಲವಾಯಿತು. "ನಿಜವಾಗ್ಲೂ? ಅಬ್ಬಾ, ನಾನು ಮಲಗೇ ಇಲ್ಲ ಸರ್."

ಆ ಸಮಾಧಾನವನ್ನು ಅಕ್ಕನಿಗೆ ನೋಡಲಾಗಲಿಲ್ಲ. "ಆರಾಮಾಗಿಲ್ಲ," ಎಂದಳು. "ದವಡೆ ಮುರಿದಿದೆ. ಬಾಯಿಗೆ ತಂತಿ ಕಟ್ಟಿದ್ದಾರೆ, ಎರಡು ಹಲ್ಲು ಹೋಗಿದೆ. ಅವಳು ನನ್ನ ತಂಗಿ."

ಮೇಷ್ಟ್ರು "ಅಮ್ಮಾ" ಎಂದರು, ಮೆಲ್ಲಗೆ. ಚಾಲಕ ತನ್ನ ಬಲಗಾಲನ್ನು ನೋಡಿಕೊಂಡ. "ಇದೇ ಕಾಲು," ಎಂದ. "ಬ್ರೇಕ್ ಒತ್ತೋ ಕಾಲು. ನಾನು ಯೋಚನೆ ಮಾಡೋ ಮೊದಲೇ ಹೋಗುತ್ತೆ, ಮೇಡಂ. ಅದಕ್ಕೇ ನನ್ನ ಕೈಗೆ ಬಸ್ ಕೊಟ್ಟಿರೋದು."

ಆ ಭಾನುವಾರ ಅವನು ಅಕ್ಕನಿಂದ ವಿಳಾಸ ಪಡೆದು ಮನೆಗೆ ಬಂದ. ಬಾಗಿಲು ತೆರೆದ ಅಮ್ಮ ಯಾರೆಂದು ತಿಳಿಯುತ್ತಲೇ ಒಳಗೆ ಹೋಗಿ ಅಡುಗೆಮನೆಯ ಕದ ಹಾಕಿಕೊಂಡಳು. ತಂಗಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಮುಖ ಒಂದು ಕಡೆ ಇನ್ನೂ ಊದಿಕೊಂಡಿತ್ತು. ಅಕ್ಕ ಕುರ್ಚಿ ಎಳೆದುಕೊಟ್ಟರೂ ಅವನು ಕೂರಲಿಲ್ಲ. ಹೇಳಬೇಕೆಂದು ಬಂದದ್ದೆಲ್ಲ ಅವಳ ಮುಖ ಕಂಡೊಡನೆ ಮರೆತುಹೋಯಿತು.

"ತಪ್ಪಾಯ್ತು ಕಣಮ್ಮ," ಎಂದ ಕೊನೆಗೆ.

ತಂಗಿ ಗೋಡೆಯ ಕಡೆ ತಿರುಗಿದಳು. ಪರವಾಗಿಲ್ಲ ಎಂದು ಅವಳು ಹೇಳಲಿ ಎಂದು ಅವನು ಕಾಯುತ್ತಿರುವುದು ಅಕ್ಕನಿಗೆ ಕಾಣುತ್ತಿತ್ತು. ಆದರೆ ಅವಳು ಹೇಳಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಕುಕ್ಕುವ ಸದ್ದು ಕೇಳಿಬರುತ್ತಿತ್ತು. ಕೊನೆಗೆ ಅವನು ಹೊರಟು, ಬಾಗಿಲ ಬಳಿ ನಿಂತ.

"ನನ್ನ ಮಗಳು ದಿನಾ ಒಂದೇ ಪ್ರಶ್ನೆ ಕೇಳ್ತಾಳೆ. ಹಿಂದೆ ಒಂದು ಸಲ ಬಂದಾಗ ನೀವು ಮಗು ಹುಡುಕ್ತಿದ್ರಿ. ಆ ಅಮ್ಮನಿಗೆ ಮಗು ಸಿಕ್ತಾ ಅಂತ. ಏನು ಹೇಳೋದು ಗೊತ್ತಾಗ್ತಿಲ್ಲ."

ತಂಗಿ ಇತ್ತ ತಿರುಗಿದಳು. ಕಟ್ಟಿದ ಹಲ್ಲುಗಳ ಸಂದಿಯಿಂದ ಮಾತು ಹಿಸುಕಿದಂತೆ ಹೊರಬಂತು. "ಸಿಕ್ತು ಅಂತ ಹೇಳಿ."

ಕೌಂಟರಿನಲ್ಲಿ ಆಡಿದ ಮಾತಿಗೆ ಅಕ್ಕನನ್ನು ಉತ್ತರ ಬರೆಯುವ ಕೆಲಸದಿಂದ ತೆಗೆದು, ಕಳೆದುಹೋದ ಸಾಮಾನು ಕಾಯುವಲ್ಲಿಗೆ ಹಾಕಿದರು. ಯಾರದೋ ಟೋಪಿ, ಒಂಟಿ ಚಪ್ಪಲಿ, ಮಕ್ಕಳ ಬೆಲೂನು ಇವುಗಳ ನಡುವೆ ಅವಳು ದಿನ ಕಳೆಯತೊಡಗಿದಳು. ಮೇಷ್ಟ್ರು ಎದುರಾದಾಗ ಮೊದಲಿನಷ್ಟೇ ಮೆತ್ತಗೆ "ಊಟ ಆಯ್ತಾ?" ಎಂದು ವಿಚಾರಿಸುತ್ತಿದ್ದರು.

ತಂತಿ ಬಿಚ್ಚಿದ ಮೇಲೂ ತಂಗಿಯ ಮಾತು ಮೊದಲಿನಂತಾಗಲಿಲ್ಲ. ಕೆಲವು ಅಕ್ಷರಗಳು ಜಾರುತ್ತಿದ್ದವು. ಬಟ್ಟೆ ಅಂಗಡಿಯವರು ಎರಡು ಮಾತು ಆಡಿಸಿ, ತಿಳಿಸುತ್ತೇವೆ ಎಂದು ಕಳಿಸಿದರು. ಅಷ್ಟರಲ್ಲಿ ಮೇಷ್ಟ್ರಿಂದ ಕರೆ ಬಂತು. ಸದಸ್ಯರು ತೊಟ್ಟಿಲ ಕೋಣೆಯವಳು ಎಲ್ಲಿ ಎಂದು ಕೇಳುತ್ತಿದ್ದಾರೆ, ಬಾ.

"ಬರ್ತೀನಿ ಸರ್. ಆದ್ರೆ ಮುಟ್ಟೋದಿಲ್ಲ. ಮೊದಲಿನ ಹಾಗೆ ದೂರ ಕೂರ್ತೀನಿ. ಜನ ಆಗ್ಲೂ ಹೆದರ್ತಿದ್ರು." ತಂಗಿ ಪಾರ್ಕಿಗೆ ಹೋಗಿ ಎದುರಿಗೇ ಹೇಳಿದಳು.

ಮೇಷ್ಟ್ರು ತಲೆಯಾಡಿಸಿದರು. "ಅದು ನನ್ನ ಕೈಯಲ್ಲಿಲ್ಲಮ್ಮ. ಸದಸ್ಯರು ಆರಿಸಿದ್ದು. ಬೇಕಾದ್ರೆ ಮತ್ತೆ ಅವರನ್ನೇ ಕೇಳೋಣ."

ಕೇಳಿದರು. ದೆವ್ವ ಮುಟ್ಟಬೇಕೇ, ಬೇಡವೇ. ಯಾಕೆ ಕೇಳುತ್ತಿದ್ದೇವೆ ಎಂದು ಮಾತ್ರ ಎಲ್ಲೂ ಬರೆಯಲಿಲ್ಲ. ಮುಟ್ಟಬೇಕು ಎಂದವರೇ ಮತ್ತೆ ಗೆದ್ದರು, ಮೊದಲಿಗಿಂತ ಜೋರಾಗಿ.

ತಂಗಿ ಆ ಕೆಲಸಕ್ಕೆ ಹೋಗಲಿಲ್ಲ. ಕಾಲೇಜು ಮುಗಿಸಿದ ಒಬ್ಬ ಹುಡುಗಿಯನ್ನು ನೇಮಿಸಿಕೊಂಡರೆಂದು ಅಕ್ಕ ಬಂದು ಹೇಳಿದಾಗ ಅವಳು, "ನಾಳೆ ಬೆಳಿಗ್ಗೆ ಗೇಟ್ ತೆಗೆಯೋ ಮೊದಲು ನನ್ನನ್ನ ಕರ್ಕೊಂಡು ಹೋಗು" ಎಂದಳು.

ಹೊಸ ಹುಡುಗಿ ಲವಲವಿಕೆಯವಳು. ಬಿಳಿ ಸೀರೆ ಸುತ್ತಿಕೊಂಡು ಆಗಲೇ ತಯಾರಾಗಿದ್ದಳು. "ನೀವೇನಾ ಅಕ್ಕಾ ಮೊದಲು ಇಲ್ಲಿದ್ದವರು? ನನ್ನ ಅಣ್ಣ ನಿಮ್ಮನ್ನ ನೋಡಿ ಎರಡು ದಿನ ಊಟ ಬಿಟ್ಟಿದ್ದ!"

ತಂಗಿ ನಗಲಿಲ್ಲ. ದೀಪ ಹಾಕಿಸಿ, ತೊಟ್ಟಿಲ ಕೆಳಗೆ ತಾನೇ ಮಲಗಿ ತೋರಿಸಿದಳು. "ತಲೆ ಈ ಕಡೆ ಇಡಬೇಡ. ತೊಟ್ಟಿಲಿನ ಈ ಮರದ ಕಾಲಿನ ಹಿಂದೆ ಇಡು. ತೋಳು ಪೂರ್ತಿ ಚಾಚು. ಬೆರಳಷ್ಟೇ ತಾಗಲಿ, ಹಿಡೀಬೇಡ. ತಾಗಿದ ಕೂಡಲೇ ಮುಖ ಆ ಕಡೆ ತಿರುಗಿಸು." ಜಾರುವ ಅಕ್ಷರಗಳನ್ನು ಎರಡೆರಡು ಸಲ ಹೇಳಿದಳು.

"ಎಲ್ಲರೂ ಒದೀತಾರಾ ಅಕ್ಕಾ?"

"ಇಲ್ಲ. ಯಾರು ಒದೀತಾರೆ ಅಂತ ಅವರಿಗೇ ಗೊತ್ತಿರಲ್ಲ. ಅಕ್ಕ, ನೀನು ಬಾ. ಜನ ನಡೆಯೋ ಹಾಗೆ ನಡಿ."

ಅಕ್ಕ ಬಾಗಿಲಿಂದ ನಡೆದು ಬಂದಳು. ದೀಪಗಳೆಲ್ಲ ಉರಿಯುತ್ತಿದ್ದವು. ಕೆಳಗೆ ಮಲಗಿದವಳು ತನ್ನ ತಂಗಿ, ಈಗ ಕೈ ಬರುತ್ತದೆ ಎಂಬುದೂ ಗೊತ್ತಿತ್ತು. ತಣ್ಣಗಿನ ಬೆರಳು ಪಾದಕ್ಕೆ ತಾಗಿದ್ದೇ ತಡ, ಅವಳ ಕಾಲು ತಾನಾಗಿ ಚಿಮ್ಮಿತು. ಹಿಮ್ಮಡಿ ಮರದ ಕಾಲಿಗೆ ಬಡಿದು ತೊಟ್ಟಿಲು ಅಲುಗಾಡಿತು. ತಂಗಿಯ ಮುಖ ಅದರ ಹಿಂದೆಯೇ ಇತ್ತು.

ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಳು. ಹೊಸ ಹುಡುಗಿಯ ಮುಖದ ಮೇಲಿನ ನಗು ಹೋಗಿತ್ತು.

"ನೋಡಿದ್ಯಾ?" ಎಂದಳು ತಂಗಿ, ಸೀರೆಯ ಧೂಳು ಕೊಡವಿಕೊಂಡು ಏಳುತ್ತ. "ಈಗ ನೀನು ಮಲಗು. ಇನ್ನೊಂದು ಸಲ ಮಾಡೋಣ."

ಹೊರಗೆ ಗೇಟು ತೆರೆದ ಸದ್ದಾಯಿತು, ಓಡಿ ಬರುವ ಮಕ್ಕಳ ಗಲಾಟೆ ಹತ್ತಿರವಾಗುತ್ತಿತ್ತು. ಹುಡುಗಿ ಸೆರಗು ಬಿಗಿದುಕೊಂಡು ನೆಲದ ಮೇಲೆ ಮಲಗಿ, ತಲೆಯನ್ನು ಮರದ ಕಾಲಿನ ಹಿಂದಕ್ಕೆ ಸರಿಸಿಕೊಂಡಳು.